ಹುಟ್ಟುಗುಣವೋ, ಬೆಳೆಸಿದ ರೀತಿಯೋ?

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎನ್ನುತ್ತೇವೆ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂದೂ ಹೇಳುತ್ತೇವೆ. ಎರಡೂ ನಮ್ಮ ಗಾದೆಗಳೇ. ಆದರೆ ಮಗು ಹಟ ಹಿಡಿದಾಗ ನಮಗೆ ನೆನಪಾಗುವುದು ಮೊದಲನೆಯದು. ತಪ್ಪೆಲ್ಲ ತಾಯಿಯ ತಲೆಗೆ ಬರುತ್ತದೆ.

ಕಳೆದ ಶತಮಾನದ ಮನಶ್ಶಾಸ್ತ್ರವೂ ಬಹುಕಾಲ ಇದೇ ದಾರಿಯಲ್ಲಿ ನಡೆಯಿತು. ಅಮೆರಿಕದ ಜಾನ್ ವಾಟ್ಸನ್ 1928ರಲ್ಲಿ ಶಿಶುಪಾಲನೆಯ ಬಗ್ಗೆ ಪುಸ್ತಕ ಬರೆದು, ಮಕ್ಕಳನ್ನು ಅತಿಯಾಗಿ ಮುದ್ದಿಸಬಾರದೆಂದು ತಾಯಂದಿರಿಗೆ ಬುದ್ಧಿ ಹೇಳಿದರು. ಮಗು ಏನಾಗುತ್ತದೆಂಬುದು ಬೆಳೆಸುವವರ ಕೈಯಲ್ಲಿದೆ ಎಂಬುದು ಅವರ ನಂಬಿಕೆ.

ಈ ನಂಬಿಕೆಯನ್ನು ಪ್ರಶ್ನಿಸಿದವರು ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್. 1956ರಲ್ಲಿ ಅಧ್ಯಯನ ಆರಂಭಿಸಿ, 133 ಮಕ್ಕಳನ್ನು ಶೈಶವದಿಂದ ದೊಡ್ಡವರಾಗುವವರೆಗೆ ಗಮನಿಸಿದರು. ಚಟುವಟಿಕೆ, ಹಸಿವು ನಿದ್ದೆಗಳ ಕ್ರಮ, ಹೊಸದನ್ನು ಎದುರಿಸುವ ರೀತಿ ಮುಂತಾದ 9 ಲಕ್ಷಣಗಳನ್ನು ಗುರುತಿಸಿದರು. ನೂರಕ್ಕೆ ಸುಮಾರು 40 ಮಕ್ಕಳು ಸುಲಭ ಸ್ವಭಾವದವರು, 10 ಮಕ್ಕಳು ಕಷ್ಟ ಸ್ವಭಾವದವರು, 15 ಮಕ್ಕಳು ನಿಧಾನವಾಗಿ ಹೊಂದಿಕೊಳ್ಳುವವರು. ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರಲಿಲ್ಲ.

ಕಷ್ಟ ಸ್ವಭಾವದ ಮಕ್ಕಳಲ್ಲಿ ಮುಂದೆ ವರ್ತನೆಯ ತೊಂದರೆ ಹೆಚ್ಚಾಗಿ ಕಂಡಿತು. ಆದರೆ ಎಲ್ಲರಲ್ಲೂ ಅಲ್ಲ. ಮಗುವಿನ ಸ್ವಭಾವಕ್ಕೂ ಹಿರಿಯರ ನಿರೀಕ್ಷೆಗೂ ಹೊಂದಾಣಿಕೆ ಇದ್ದ ಕಡೆ ಅಂಥ ಮಕ್ಕಳೂ ಚೆನ್ನಾಗಿ ಬೆಳೆದರು. ಅದೇ ನಗರದ ಪೋರ್ಟೊರಿಕೊ ಮೂಲದ ಕಾರ್ಮಿಕರ ಮನೆಗಳನ್ನೂ ಅವರು ನೋಡಿದರು. ಅಲ್ಲಿ ಚಿಕ್ಕ ಮಕ್ಕಳು ಇಂಥ ಹೊತ್ತಿಗೇ ಮಲಗಬೇಕೆಂಬ ಕಟ್ಟುಪಾಡಿರಲಿಲ್ಲ. ಹಾಗಾಗಿ ನಿದ್ದೆಯ ಕ್ರಮವಿಲ್ಲದ ಮಗು ಯಾರಿಗೂ ತೊಂದರೆಯೆನಿಸಲಿಲ್ಲ. ಶಾಲೆ ಶುರುವಾಗಿ ಬೆಳಿಗ್ಗೆ ಬೇಗ ಏಳಬೇಕಾದಾಗ ತೊಂದರೆ ತಲೆಯೆತ್ತಿತು. ಮಗು ಅದೇ, ಬದಲಾದದ್ದು ಬೇಡಿಕೆ.

1968ರಲ್ಲಿ ರಿಚರ್ಡ್ ಬೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇನ್ನೊಂದು ದಿಕ್ಕಿನಿಂದ ಯೋಚಿಸಿದರು. ಗದರಿಸಿದ್ದರಿಂದ ಮಗು ಮೊಂಡಾಯಿತೋ, ಮೊಂಡುತನ ಕಂಡು ಹಿರಿಯರು ಗದರಿಸತೊಡಗಿದರೋ? ಮಕ್ಕಳೂ ತಂದೆತಾಯಿಯರ ವರ್ತನೆಯನ್ನು ರೂಪಿಸುತ್ತಾರೆ ಎಂದು ಅವರು ವಾದಿಸಿದರು. ಹಾಗೆಂದ ಮಾತ್ರಕ್ಕೆ ಹೊಡೆತ ಬಡಿತ ಸರಿಯೆಂದಲ್ಲ. ಈ ಸುತ್ತನ್ನು ಮುರಿಯಬೇಕಾದವರು ಹಿರಿಯರೇ, ಮಗುವಲ್ಲ.

ಶಿಕ್ಷಕರಾದ ನಮಗೆ ಇದರಲ್ಲಿ ಪಾಠವಿದೆ. ಒಂದನೇ ತರಗತಿಗೆ ಸೇರಿ ತಿಂಗಳಾದರೂ ಬಾಯಿ ಬಿಡದ ಮಗುವಿರುತ್ತದೆ. 'ಮನೆಯಲ್ಲಿ ಏನೂ ಕಲಿಸಿಲ್ಲ' ಎಂದು ಪೋಷಕರ ಸಭೆಯಲ್ಲಿ ನಾಲ್ಕು ಜನರ ಮುಂದೆ ಅಂದುಬಿಟ್ಟರೆ, ಆ ತಾಯಿ ಮನೆಗೆ ಹೋಗಿ ಸಿಟ್ಟು ತೀರಿಸುವುದು ಮಗುವಿನ ಮೇಲೆ. ಮರುದಿನ ಅದು ಇನ್ನಷ್ಟು ಮುದುಡುತ್ತದೆ. ಅದರ ಬದಲು ಗೆಳೆಯನ ಪಕ್ಕದಲ್ಲಿ ಕೂರಿಸಿ, ಉತ್ತರಕ್ಕೆ ಸ್ವಲ್ಪ ಕಾಯೋಣ. ನಿಧಾನವಾಗಿ ಹೊಂದಿಕೊಳ್ಳುವ ಮಗುವಿಗೆ ನಾವು ಕೊಡಬೇಕಾದದ್ದು ಸಮಯ.