ಕಿಟಕಿಗಳಿದ್ದ ಗಣಿ, ಗುಡ್ಡಗಳಿದ್ದ ಗಣಿ

ಈ ಸಲದ ಕತೆ ಒಂದು ಸುರಂಗದೊಳಗಿಂದ ಶುರುವಾಗುತ್ತೆ. ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ, ಪೈರೋವಾ ಮತ್ತು ವೈಹಿ ಊರುಗಳ ನಡುವೆ ಕರಂಗಾಹಾಕೆ ಅನ್ನೋ ಕಣಿವೆ ಇದೆ. ಅಲ್ಲಿನ ಪಾಳುಬಿದ್ದ ಚಿನ್ನದ ಗಣಿಯೊಳಗೇ ಹಾದುಹೋಗುವ ಕಾಲುದಾರಿಗೆ ‘ವಿಂಡೋಸ್ ವಾಕ್’ ಅಂತ ಹೆಸರು. ಸುಮಾರು ಒಂದು ಗಂಟೆಯ ನಡಿಗೆ. ಆಕ್ಲೆಂಡಿನಲ್ಲಿರೋ ಅಕ್ಕನ ಮನೆಗೆ ಹೋಗಿದ್ದಾಗ ಅಪ್ಪ, ಅಕ್ಕನ ಆರು ವರ್ಷದ ಮಗಳು ಸೇರಿ ಎಲ್ಲರೂ ಹೋಗಿದ್ವಿ. ಒಳ್ಳೇ ಟಾರ್ಚ್ ತಗೊಂಡು ಹೋಗಿ. ಫೋನಿನ ಬೆಳಕನ್ನು ನಂಬಿದ ನಾನು ಎರಡು ಸಲ ತಲೆ ಹೊಡೆಸಿಕೊಂಡೆ.

ಸುರಂಗದ ಒಂದು ಪಕ್ಕಕ್ಕೆ ಅಲ್ಲಲ್ಲಿ ದೊಡ್ಡ ಕಿಂಡಿಗಳು. ಬಗ್ಗಿ ನೋಡಿದರೆ ಕೆಳಗೆ ನದಿ, ಸುತ್ತ ಹಸಿರು. ಗಾಳಿಗೋ ಬೆಳಕಿಗೋ ಕೊರೆದಿರಬೇಕು ಅಂದ್ಕೊಂಡಿದ್ದೆ. ಅಲ್ಲ, ಗಣಿಯ ಬೇಡದ ಕಲ್ಲನ್ನು ನದಿಗೆ ಸುರಿಯೋಕೆ!

ಈ ಕಣಿವೆಗೂ ನಮಗೂ ಒಂದು ನಂಟಿದೆ. ಮೊದಲೆಲ್ಲ ಅದಿರನ್ನು ಪುಡಿ ಮಾಡಿ ಪಾದರಸದಿಂದ ಚಿನ್ನ ಹಿಡೀತಿದ್ದರು. ಚಿನ್ನದ ಎಷ್ಟೋ ಪಾಲು ಪುಡಿಯಲ್ಲೇ ಉಳಿದುಹೋಗ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾನ್ ಸ್ಟೀವರ್ಟ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಹೊಸ ದಾರಿ ಕಂಡುಕೊಂಡರು: ತೆಳುವಾದ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ, ಸತುವಿನ ಚೂರುಗಳಿಂದ ಅದನ್ನು ಮತ್ತೆ ಹೊರತೆಗೆಯೋದು. ಪ್ರಯೋಗಾಲಯದ ಹೊರಗೆ, ಒಂದು ಗಣಿಯಲ್ಲಿ ಇದನ್ನು ಮೊದಲು ಮಾಡಿ ನೋಡಿದ್ದು ಇದೇ ಕರಂಗಾಹಾಕೆಯಲ್ಲಿ, 1889ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ನಮ್ಮ ಕೆಜಿಎಫ್‌ಗೂ ಬಂತು.

ಚಿನ್ನ ತೆಗೆದ ಮೇಲೆ ಉಳಿದ ಪುಡಿ ಎಲ್ಲಿಗೆ ಹೋಗಬೇಕು? 1895ರಲ್ಲಿ ಅಲ್ಲಿನ ಸರ್ಕಾರ ಓಹಿನೆಮುರಿ ನದಿಯನ್ನೇ ಗಣಿಗಳ ಕೆಸರು ಕಾಲುವೆ ಅಂತ ಘೋಷಿಸಿಬಿಟ್ಟಿತು. ಹೌದು, ಇಡೀ ನದಿಯನ್ನು. ಹೂಳು ತುಂಬಿ ಪ್ರವಾಹ ಬಂದು ಕೆಳಗಿನ ರೈತರ ಹೊಲಗಳು ಹಾಳಾದವು. ನಾನು ಓದಿದ್ದು ಬಿಕಾಂ, ಲೆಕ್ಕ ಹೀಗೇ ಕಾಣುತ್ತೆ: ಸಾಗಿಸುವ ಖರ್ಚು ಕಂಪನಿಗಳಿಗೆ ಉಳೀತು, ನಷ್ಟ ರೈತರ ಖಾತೆಗೆ ಹೋಯಿತು. ಇವತ್ತು ಮಕ್ಕಳನ್ನು ಕರಕೊಂಡು ಹೋಗುವಷ್ಟು ಆ ಕಣಿವೆ ಚೆನ್ನಾಗಿರೋದಕ್ಕೆ ಇದೂ ಒಂದು ಕಾರಣ. ಕಸವನ್ನು ನದಿ ಹೊತ್ತುಕೊಂಡು ಹೋಗಿತ್ತು.

ಕೆಜಿಎಫ್‌ನಲ್ಲಿ ಅಂಥ ನದಿ ಎಲ್ಲಿಂದ ಬರಬೇಕು? ನೀರನ್ನೇ ಬೇತಮಂಗಲದಿಂದ ತರಬೇಕಿತ್ತು. ಹಾಗಾಗಿ ಪುಡಿ ಅಲ್ಲೇ ಬಿತ್ತು, ಗುಡ್ಡವಾಯ್ತು. 2001ರಲ್ಲಿ ಗಣಿ ಮುಚ್ಚಿತು. 3 ಕೋಟಿ ಟನ್ನಿಗೂ ಹೆಚ್ಚು ಪುಡಿ ಊರಿನ ಪಕ್ಕದಲ್ಲೇ ಇದೆ. ಸಿನಿಮಾಗಳಲ್ಲಿ ಆ ಬೋಳುಗುಡ್ಡಗಳನ್ನು ನೀವೂ ನೋಡಿರ್ತೀರಿ.

ಅಪ್ಪ ಬೆಳೆದದ್ದು ಆ ಗುಡ್ಡಗಳ ಕೆಳಗೆ. ಕಿಂಡಿಯ ಹತ್ತಿರ ತುಂಬಾ ಹೊತ್ತು ನಿಂತಿದ್ದರು.

“ತಾತ, ನಿಮ್ಮೂರಲ್ಲೂ ಹೀಗೆ ಕಿಟಕಿ ಇತ್ತಾ?” ಅಂದಳು ಮಗು.

“ಇಲ್ಲ ಪುಟ್ಟಿ. ಗುಡ್ಡ ಇತ್ತು. ಗಾಳಿ ಎದ್ದರೆ ನಮ್ಮಮ್ಮ ಮೊದಲು ನೀರಿನ ಬಿಂದಿಗೆ ಮುಚ್ಚೋಳು, ಆಮೇಲೆ ಒಣಗಿದ ಬಟ್ಟೆ ತರೋಕೆ ಓಡೋಳು.”

“ಗುಡ್ಡದ ಮೇಲೆ ಆಡ್ತಿದ್ರಾ?”

“ಆಡ್ತಿದ್ವಿ. ಜಾರುಬಂಡಿ.”

ಆ ಗುಡ್ಡದ ಹೆಸರೇನು ಅಂತ ಅವಳು ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ.