ಹೇಳದೆ ಚುಚ್ಚಿದ ಸೂಜಿ

ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಮಾರ್ಪಡಿಸಿದ ಹರ್ಪಿಸ್ ವೈರಸ್ಸನ್ನೇ ಔಷಧವೆಂದು ಅಮೆರಿಕ ಒಪ್ಪಿದ್ದು 2015ರಲ್ಲಿ. ಅದರ ಹಿಂದಿನ ಕತೆ ಹುಡುಕುತ್ತ ಹೋದ ನಾನು ಚೆಸ್ಟರ್ ಸೌಥಮ್ ಹೆಸರಿನ ಬಳಿ ನಿಂತುಬಿಟ್ಟೆ. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಈ ವೈದ್ಯ, ಕಾಯಿಲೆ ಕೈಮೀರಿದ ರೋಗಿಗಳಿಗೆ ವೆಸ್ಟ್ ನೈಲ್ ವೈರಸ್ ಚುಚ್ಚಿ ನೋಡಿದ. ಕೆಲವರ ಗೆಡ್ಡೆ ಕುಗ್ಗಿತು. ಕೆಲವರಿಗೆ ಮಿದುಳಿನ ಉರಿಯೂತ ಬಂತು. ಅಷ್ಟಕ್ಕೇ ನಿಂತಿದ್ದರೆ ನನಗದು ಹತಾಶರ ಸಾಹಸವೆನಿಸುತ್ತಿತ್ತು.

1963ರಲ್ಲಿ, ರೋಗಪೀಡಿತ ದೇಹ ಪರರ ಕ್ಯಾನ್ಸರನ್ನು ಹೇಗೆ ಹೊರದಬ್ಬುತ್ತದೆಂದು ತಿಳಿಯಲು, ಬ್ರೂಕ್ಲಿನ್ನಿನ ಆಸ್ಪತ್ರೆಯೊಂದರ 22 ರೋಗಿಗಳಿಗೆ ಜೀವಂತ ಕ್ಯಾನ್ಸರ್ ಕೋಶ ಚುಚ್ಚಿಸಿದ. ಅದೇನೆಂದು ಅವರಿಗೆ ಹೇಳಲಿಲ್ಲ. ಕೇಗನ್, ಲೈಕ್ಟರ್, ಫರ್ಸ್ಕೊ ಎಂಬ ಮೂವರು ಕಿರಿಯ ವೈದ್ಯರು ಒಲ್ಲೆವೆಂದರು, ಕೊನೆಗೆ ರಾಜೀನಾಮೆಯನ್ನೂ ಕೊಟ್ಟರು. ಸೌಥಮ್‌ಗೆ ಸಿಕ್ಕ ಶಿಕ್ಷೆ ಒಂದು ವರ್ಷದ ನಿಗಾ, ವೃತ್ತಿಗೇನೂ ಅಡ್ಡಿಯಿರಲಿಲ್ಲ. 1968ರಲ್ಲಿ ಆತ ಅಮೆರಿಕದ ಕ್ಯಾನ್ಸರ್ ಸಂಶೋಧನಾ ಸಂಘದ ಅಧ್ಯಕ್ಷನಾದ.