ಒಂದೇ ಕೈಯ ಎರಡು ಗಾಡಿಗಳು



ಬೆಲೆಯುಳ್ಳ ಎರಡು ಮೋಟಾರು ಗಾಡಿಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಯೋಚಿಸುವವನು ಮೈಬಣ್ಣವನ್ನೂ ಆಸನದ ಮೆತ್ತೆಯನ್ನೂ ನೋಡಿ, ಬೆಲೆಯನ್ನು ವಿಚಾರಿಸಿ, ನಾಲ್ವರ ಮಾತಿಗೆ ಕಿವಿಗೊಟ್ಟು ತೀರ್ಮಾನಕ್ಕೆ ಬರುವುದುಂಟು. ಇಂಥ ಹೋಲಿಕೆಯಿಂದ ಎಷ್ಟು ತಿಳಿಯುತ್ತದೆ, ಎಷ್ಟು ಮರೆಯಲ್ಲಿಯೇ ಉಳಿಯುತ್ತದೆ ಎಂಬುದಕ್ಕೆ ಅಮೆರಿಕದ ಡೆಟ್ರಾಯಿಟ್ ನಗರದ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವಿದೆ. ೧೯೨೧ರಲ್ಲಿ ಅಲ್ಲಿಯ ಶ್ರೀಮಂತ ಗಿರಾಕಿಯ ಮುಂದೆ ಕ್ಯಾಡಿಲ್ಯಾಕ್, ಲಿಂಕನ್ ಎಂಬ ಎರಡು ಗಾಡಿಗಳು ಪೈಪೋಟಿಗೆ ನಿಂತಿದ್ದುವು. ಎರಡು ಕಾರ್ಖಾನೆಗಳನ್ನೂ ಕಟ್ಟಿದವನು ಮಾತ್ರ ಒಬ್ಬನೇ. ಅವನ ಹೆಸರು ಹೆನ್ರಿ ಲೀಲಂಡ್.

೧೮೪೩ರಲ್ಲಿ ಹುಟ್ಟಿದ ಲೀಲಂಡನು ಅಂತರ್ಯುದ್ಧದ ಕಾಲದಲ್ಲಿ ಸ್ಪ್ರಿಂಗ್‌ಫೀಲ್ಡಿನ ಸರಕಾರೀ ಆಯುಧಶಾಲೆಯಲ್ಲಿ ಕೆಲಸಮಾಡಿದನು. ಬಂದೂಕದ ಒಂದು ಭಾಗವು ಮುರಿದರೆ ಅದೇ ಅಳತೆಯ ಮತ್ತೊಂದು ಭಾಗವು ಅರದ ಸಹಾಯವಿಲ್ಲದೆ ಕೂಡಬೇಕೆಂಬ ಪಾಠವು ಅವನಿಗೆ ದೊರೆತುದು ಇಂಥ ಕಡೆಗಳಲ್ಲಿ. ೧೯೦೨ರಲ್ಲಿ, ಹೆನ್ರಿ ಫೋರ್ಡನು ಬಿಟ್ಟುಹೋಗಿದ್ದ ಒಂದು ಕಂಪೆನಿಯನ್ನು ಮುಚ್ಚುವ ಸಲುವಾಗಿ ಅದರ ಆಸ್ತಿಗೆ ಬೆಲೆಕಟ್ಟಲು ಇವನನ್ನು ಕರೆಸಿದರು. ಲೀಲಂಡನು, ಮುಚ್ಚಬೇಡಿರೆಂದು ಪಾಲುದಾರರನ್ನು ಒಪ್ಪಿಸಿದನು. ಕ್ಯಾಡಿಲ್ಯಾಕ್ ಹುಟ್ಟಿದುದು ಹೀಗೆ.

ಆ ಗಾಡಿಯ ಒಳಗುಣವು ಪ್ರಕಟವಾದುದು ೧೯೦೮ರಲ್ಲಿ, ಇಂಗ್ಲೆಂಡಿನ ಬ್ರೂಕ್‌ಲಂಡ್ಸ್ ಪಥದಲ್ಲಿ. ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಕಣ್ಣೆದುರಿನಲ್ಲಿ ಮೂರು ಗಾಡಿಗಳನ್ನು ಸಂಪೂರ್ಣವಾಗಿ ಬಿಚ್ಚಿ, ಭಾಗಗಳನ್ನೆಲ್ಲ ಕಲಸಿದರು. ೮೯ ಭಾಗಗಳನ್ನು ತೆಗೆದಿಟ್ಟು, ಅವುಗಳಿಗೆ ಬದಲಾಗಿ ಅಂಗಡಿಯ ದಾಸ್ತಾನಿನಿಂದ ಬೇರೆಯವನ್ನು ತಂದರು. ಆ ರಾಶಿಯಿಂದ ಮತ್ತೆ ಕಟ್ಟಿದ ಮೂರು ಗಾಡಿಗಳೂ ತಲಾ ೫೦೦ ಮೈಲಿ ಓಡಿದುವು. ಡ್ಯೂವರ್ ಪಾರಿತೋಷಕವು ಕ್ಯಾಡಿಲ್ಯಾಕಿನ ಪಾಲಾಯಿತು.

೧೯೦೯ರಲ್ಲಿ ಆ ಕಾರ್ಖಾನೆಯು ಜನರಲ್ ಮೋಟಾರ್ಸಿಗೆ ಮಾರಾಟವಾದರೂ ಆಡಳಿತವು ಲೀಲಂಡನ ಕೈಯಲ್ಲಿಯೇ ಇತ್ತು. ೧೯೧೭ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಅದನ್ನು ತೊರೆದು, ಯುದ್ಧವಿಮಾನಗಳಿಗೆ ಲಿಬರ್ಟಿ ಯಂತ್ರಗಳನ್ನು ಮಾಡಲು ಮಗನೊಡನೆ ಹೊಸ ಕಂಪೆನಿಯನ್ನು ಕಟ್ಟಿದನು. ತಾನು ೧೮೬೪ರಲ್ಲಿ ಮತಕೊಟ್ಟಿದ್ದ ಅಧ್ಯಕ್ಷ ಲಿಂಕನ್ನನ ಹೆಸರನ್ನೇ ಅದಕ್ಕಿಟ್ಟನು. ಯುದ್ಧವು ಮುಗಿದ ಬಳಿಕ, ೧೯೨೦ರಲ್ಲಿ, ಅಲ್ಲಿಂದ ಮೋಟಾರು ಗಾಡಿಯು ಹೊರಬಂದಿತು.

ಈಗ ಎರಡನ್ನೂ ತೂಗಿನೋಡೋಣ. ಎರಡರಲ್ಲಿಯೂ ಎಂಟು ಸಿಲಿಂಡರುಗಳು, ನಾಲ್ಕು ನಾಲ್ಕರ ಎರಡು ಓರೆಸಾಲುಗಳಲ್ಲಿ. ಕ್ಯಾಡಿಲ್ಯಾಕಿನ ಯಂತ್ರವು ೧೯೧೪ರಲ್ಲಿ ಲೀಲಂಡನ ಆಡಳಿತದಲ್ಲಿಯೇ ಬಂದುದು. ಸಾಲುಗಳ ನಡುವಣ ಕೋನ ೯೦ ಅಂಶ, ಗಾತ್ರ ೩೧೪ ಘನ ಅಂಗುಲ. ಲಿಂಕನ್ನಿನ ಕೋನ ೬೦ ಅಂಶ, ಗಾತ್ರ ಸುಮಾರು ೩೫೮ ಘನ ಅಂಗುಲ. ಕಂಪನವನ್ನು ತಗ್ಗಿಸುವುದಕ್ಕಾಗಿ ಕೋನವನ್ನು ಹೀಗೆ ಕಿರಿದುಮಾಡಿದ್ದರು. ವೃದ್ಧನು ತನ್ನ ಹಳೆಯ ಕೃತಿಯನ್ನು ತಾನೇ ತಿದ್ದಿದನೆನ್ನಬಹುದು. ಹೊರಗೆ ಥಳಕು, ಒಳಗೆ ಹುಳಕು ಎಂಬ ಗಾದೆಯು ಲಿಂಕನ್ನಿನಲ್ಲಿ ತಲೆಕೆಳಗಾಗಿತ್ತು. ಒಳಗಿನ ಯಂತ್ರವು ಉತ್ಕೃಷ್ಟ. ಮೈಕಟ್ಟು ಮಾತ್ರ ಹಳೆಯ ಕಾಲದ್ದು, ನೀರಸವಾದದ್ದು.

ಗಿರಾಕಿಗಳು ಹಿಂಜರಿದರು. ಯುದ್ಧಾನಂತರದ ವ್ಯಾಪಾರದ ಕುಸಿತವೂ ಸರಕಾರದ ದೊಡ್ಡ ತೆರಿಗೆಯ ಬೇಡಿಕೆಯೂ ಒಟ್ಟಿಗೆ ಬಂದೊದಗಿದುವು. ೧೯೨೨ರ ಫೆಬ್ರವರಿಯಲ್ಲಿ ಕಂಪೆನಿಯು ಹರಾಜಾಯಿತು. ೮೦ ಲಕ್ಷ ಡಾಲರಿಗೆ ಕೊಂಡವನು ಹೆನ್ರಿ ಫೋರ್ಡ್. ಕೆಲವು ತಿಂಗಳಲ್ಲಿಯೇ ಲೀಲಂಡ್ ತಂದೆಮಕ್ಕಳು ಹೊರಬಿದ್ದರು. ಯಂತ್ರವು ಬಹುಮಟ್ಟಿಗೆ ಅದೇ ಉಳಿಯಿತು. ಫೋರ್ಡನು ಬೆಲೆಯನ್ನು ಇಳಿಸಿದನು. ಅವನ ಮಗ ಎಡ್ಸೆಲನು ನಿಪುಣರಾದ ಮೈಕಟ್ಟುಗಾರರಿಂದ ಗಾಡಿಗೆ ಅಂದವಾದ ರೂಪವನ್ನು ಕೊಡಿಸಿದನು. ಮಾರಾಟವು ಏರಿತು.

ಗಿರಾಕಿಯೊಬ್ಬನನ್ನೇ ಇಲ್ಲಿ ದೂರಲಾಗದು. ಅಷ್ಟು ಹಣವನ್ನು ತೆರುವವನು ಅಂದವನ್ನು ಬಯಸುವುದು ನ್ಯಾಯವೇ. ಅದನ್ನು ಅಲಕ್ಷಿಸಿದ್ದು ಲೀಲಂಡನ ತಪ್ಪು. ಆದರೆ ೧೯೨೧ರಲ್ಲಿ ಲಿಂಕನ್ನನ್ನು ಕಣ್ಣಳತೆಯಿಂದಲೇ ತಳ್ಳಿಹಾಕಿದವನು, ಮುಂದಿನ ವರ್ಷಗಳಲ್ಲಿ ಜನರು ಮೆಚ್ಚಿ ಕೊಂಡ ಯಂತ್ರವನ್ನೇ ತಳ್ಳಿಹಾಕಿದನು. ಬ್ರೂಕ್‌ಲಂಡ್ಸಿನಲ್ಲಿ ಮಾಡಿದಂತೆ ಬಿಚ್ಚಿ ನೋಡುವುದು ಕೊಳ್ಳುವವರಿಗೆಲ್ಲ ಸಾಧ್ಯವಿಲ್ಲ. ಬಿಚ್ಚಿ ನೋಡಿದವರು ಏನು ಕಂಡರೆಂದು ವಿಚಾರಿಸುವುದು ಸಾಧ್ಯ.

ಲೀಲಂಡನು ೧೯೩೨ರಲ್ಲಿ ತೀರಿಕೊಂಡನು. ಕ್ಯಾಡಿಲ್ಯಾಕ್ ಇಂದಿಗೂ ಜನರಲ್ ಮೋಟಾರ್ಸಿನದು, ಲಿಂಕನ್ ಫೋರ್ಡ್ ಕಂಪೆನಿಯದು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ತೂಗುವ ಅಮೆರಿಕದ ಗಿರಾಕಿಯು, ತಿಳಿದೋ ತಿಳಿಯದೆಯೋ, ಒಬ್ಬನೇ ಸ್ಥಾಪಕನ ಎರಡು ಮನೆಗಳ ನಡುವೆ ಆರಿಸುತ್ತಿರುತ್ತಾನೆ.